ಕೀಲು ಎಲ್ಲಿದೆ, ಹೇಗೆ ತಿರುಗುತ್ತದೆ: ನಿಮ್ಮ ಕೈಯಿಂದಲೇ ಮುಟ್ಟಿ ನೋಡುವುದು ಹೇಗೆ

"ಸೊಂಟ ನೋವು" ಎಂದು ಬರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಬೆರಳಿಟ್ಟು ತೋರಿಸಿ. ಒಬ್ಬರು ಬೆನ್ನಿನ ಬುಡದಲ್ಲಿ ಇಡುತ್ತಾರೆ. ಇನ್ನೊಬ್ಬರು ಪಂಚೆ ಕಟ್ಟುವ ಜಾಗದ ಎಲುಬಿನ ಮೇಲೆ, ಮತ್ತೊಬ್ಬರು ಕುಂಡೆಯ ಮೇಲೆ. ಮೂರೂ ಬೇರೆ ಜಾಗ, ಮೂರಕ್ಕೂ ಬೇರೆ ಕಾರಣ. ತೊಡೆಯ ಕೀಲು ಈ ಮೂರು ಕಡೆಯೂ ಇಲ್ಲ. ಅದು ಇರುವುದು ಮುಂದುಗಡೆ, ತೊಡೆಸಂದಿಯ ಆಳದಲ್ಲಿ.

ನಾನು ಶಿರಸಿ ಕಡೆ ಫಿಸಿಯೋಥೆರಪಿ ಮಾಡುವವಳು. ಅಡಿಕೆ ಸುಲಿಯುವ ಅಕ್ಕಂದಿರು, ಕೊನೆ (ಅಡಿಕೆ ಗೊನೆ) ಕೊಯ್ಯುವವರು, ಘಟ್ಟದ ಕೆಳಗಿನಿಂದ ಬಲೆ ಎಳೆದು ಭುಜ ಹಿಡಿಸಿಕೊಂಡು ಬರುವವರು, ಯಕ್ಷಗಾನ ಕಲಿಯುವ ಹುಡುಗರು, ಹೀಗೆ ಎಲ್ಲ ಥರದವರೂ ಬರುತ್ತಾರೆ. ಇವರೆಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ವಿಷಯ ಇಷ್ಟೇ. ಪ್ರತಿ ಕೀಲಿಗೂ ಅದರದ್ದೇ ಒಂದು ಕೆಲಸ ಇದೆ. ಆ ಕೀಲು ಬಿಗಿಯಾಗಿ ಕೂತು ತನ್ನ ಪಾಲಿನ ಕೆಲಸ ಬಿಟ್ಟರೆ ಪಕ್ಕದ ಕೀಲು ಅದನ್ನು ಹೊರುತ್ತದೆ, ಆಮೇಲೆ ನೋವು ಬರುವುದು ಪಕ್ಕದ ಕೀಲಿಗೆ. ಹಾಗಾಗಿ ಎಣ್ಣೆ ಎಲ್ಲಿ ತಿಕ್ಕಬೇಕು ಅಂತ ಕೇಳುವ ಮೊದಲು ಚಲನೆ ಎಲ್ಲಿ ಆಗುತ್ತಿದೆ, ಎಲ್ಲಿ ಆಗುತ್ತಿಲ್ಲ ಎಂದು ನೋಡಬೇಕು.

ಬೇಕಾದ್ದು ಒಂದು ಕುರ್ಚಿ, ಒಂದು ಚಾಪೆ, ಮಂಡಿ ಕಾಣುವಂಥ ಬಟ್ಟೆ, ಸಾಧ್ಯವಾದರೆ ಮನೆಯವರು ಯಾರಾದರೂ ಒಬ್ಬರು. ಕೆಲವು ಕೀಲುಗಳನ್ನು ಇನ್ನೊಬ್ಬರ ಮೈಮೇಲೆ ನೋಡುವುದೇ ಸುಲಭ.

ಮೊದಲು ಸ್ವಲ್ಪ ಒಳಗಿನ ಸಂಗತಿ

ದೊಡ್ಡವರ ಮೈಯಲ್ಲಿ 206 ಎಲುಬು. ಎರಡು ಎಲುಬು ಕೂಡುವ ಜಾಗವೆಲ್ಲ ಕೀಲೇ, ಆದರೆ ಎಲ್ಲವೂ ಅಲುಗಾಡುವುದಿಲ್ಲ. ತಲೆಬುರುಡೆಯ ಎಲುಬುಗಳು ಹೊಲಿಗೆ ಹಾಕಿದ ಹಾಗೆ ಕೂಡಿಕೊಂಡಿವೆ, ಅವು ಜರುಗುವುದಿಲ್ಲ. ಬೆನ್ನಿನ ಮಣಿಗಳ ನಡುವೆ ಡಿಸ್ಕ್ ಅನ್ನುವ ಮೆತ್ತೆ ಇದೆ, ಅಲ್ಲಿ ಒಂದೊಂದು ಕಡೆ ಸ್ವಲ್ಪ ಸ್ವಲ್ಪವೇ ಬಾಗುತ್ತದೆ. ನಾವು ಸಾಮಾನ್ಯವಾಗಿ ಕೀಲು ಅನ್ನುವುದು ಮೂರನೇ ಜಾತಿಯದನ್ನು. ಮೊಣಕೈ, ಭುಜ, ಮಂಡಿ ಇಂಥವು. ಇವುಗಳಲ್ಲಿ ಎಲುಬಿನ ತುದಿಗೆ ನುಣುಪಾದ ಮೃದ್ವಸ್ಥಿಯ (ಕಾರ್ಟಿಲೇಜ್) ಹೊದಿಕೆ, ಸುತ್ತ ಒಂದು ಚೀಲ, ಚೀಲದೊಳಗೆ ಜಾರುವ ದ್ರವ. ಆರೋಗ್ಯವಾಗಿರುವ ಮಂಡಿಯಲ್ಲಿ ಈ ದ್ರವ ಒಂದು ಟೀ ಚಮಚದಷ್ಟೂ ಇರುವುದಿಲ್ಲ. "ಮಂಡಿಯಲ್ಲಿ ನೀರು ತುಂಬಿದೆ" ಅಂದರೆ ಈ ದ್ರವ ಬೇಕಾದ್ದಕ್ಕಿಂತ ಜಾಸ್ತಿ ಆಗಿದೆ ಎಂದರ್ಥ, ಒಳಗೆ ಏನೋ ಕೆರಳಿದೆ ಎನ್ನುವುದರ ಗುರುತು ಅದು.

ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಿ. ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಅದಕ್ಕೆ ಆಹಾರ ಬರುವುದು ಬಹುಮಟ್ಟಿಗೆ ಆ ದ್ರವದಿಂದಲೇ, ಅದೂ ಕೀಲು ಒತ್ತಿ ಸಡಿಲವಾದಾಗ. ಭಾರ ಬಿದ್ದಾಗ ಒಳಗಿನ ನೀರಿನಂಶ ಹೊರಗೆ ಬರುತ್ತದೆ, ಭಾರ ತೆಗೆದಾಗ ಮತ್ತೆ ಒಳಗೆ ಹೋಗುತ್ತದೆ. ನಡೆದರೆ ಮಂಡಿ ಸವೆಯುತ್ತದೆ ಅಂತ ಮಂಚದ ಮೇಲೆ ಕೂತವರ ಮಂಡಿ ಇನ್ನೂ ಬಿಗಿಯಾಗುವುದು ಇದಕ್ಕೇ.

ಮೊಣಕೈಯಿಂದ ಶುರು ಮಾಡಿ

ಇದು ಎಲ್ಲಕ್ಕಿಂತ ಸುಲಭ. ಎಡಗೈ ಮೊಣಕೈಯನ್ನು ಅರ್ಧ ಮಡಚಿ. ಬಲಗೈಯ ಹೆಬ್ಬೆರಳು ಒಂದು ಪಕ್ಕದ ಉಬ್ಬಿನ ಮೇಲೆ, ನಡುಬೆರಳು ಇನ್ನೊಂದು ಪಕ್ಕದ ಉಬ್ಬಿನ ಮೇಲೆ, ತೋರುಬೆರಳು ಹಿಂದಿನ ಚೂಪು ತುದಿಯ ಮೇಲೆ ಇಡಿ. ಮೂರು ಬೆರಳು ತ್ರಿಕೋನವಾಗಿ ಕೂತವು ಅಲ್ವಾ? ಈಗ ಕೈಯನ್ನು ನಿಧಾನ ನೇರ ಮಾಡಿ. ತೋರುಬೆರಳು ಮೇಲಕ್ಕೆ ಜರುಗಿ ಮೂರೂ ಒಂದೇ ಗೆರೆಗೆ ಬರುತ್ತವೆ. ಬಿದ್ದು ಮೊಣಕೈ ಊದಿದಾಗ ಇದು ಉಪಯೋಗಕ್ಕೆ ಬರುತ್ತದೆ, ಎರಡೂ ಕೈಯನ್ನು ಹೋಲಿಸಿ ನೋಡಿದಾಗ ಒಂದು ಕಡೆ ತ್ರಿಕೋನ ಸೊಟ್ಟಗಿದ್ದರೆ ಎಲುಬು ಜಾಗ ಬಿಟ್ಟಿರಬಹುದು, ಅಂಥ ಹೊತ್ತಿನಲ್ಲಿ ಎಳೆಯುವುದು ನೀವುವುದು ಯಾವುದೂ ಬೇಡ, ಕೈಗೆ ಆಧಾರ ಕೊಟ್ಟು ಆಸ್ಪತ್ರೆಗೆ ಹೋಗಿ. ಒಳಪಕ್ಕದ ಉಬ್ಬಿನ ಹಿಂದೆ ಒಂದು ತೋಡು ಸಿಗುತ್ತದೆ. ತಾಗಿದರೆ ಕಿರುಬೆರಳಿನ ತನಕ ಜುಂ ಅನ್ನುವ ನರ ಹೋಗುವುದು ಅಲ್ಲೇ.

ಮಡಚುವುದು ಬಿಚ್ಚುವುದು ಬಿಟ್ಟರೆ ಮೊಣಕೈಗೆ ಬೇರೆ ಕೆಲಸ ಇಲ್ಲ ಅಂತ ತುಂಬ ಜನ ತಿಳಿದಿರುತ್ತಾರೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಅಂಗೈ ಮೇಲೆ ಕೆಳಗೆ ತಿರುಗಿಸಿ ನೋಡಿ. ಇನ್ನೊಂದು ಕೈಯಿಂದ ಮುಂಗೈಯನ್ನು ಹಿಡಿದುಕೊಳ್ಳಿ. ಕಿರುಬೆರಳ ಕಡೆಯ ಎಲುಬು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹೆಬ್ಬೆರಳ ಕಡೆಯ ಎಲುಬು ಅದರ ಮೇಲೆ ಅಡ್ಡಲಾಗಿ ಹೊರಳುತ್ತದೆ. ಕಾಯಿ ಹೆರೆಯುವುದು, ಬೀಗ ತಿರುಗಿಸುವುದು, ಸೌಟಿನಿಂದ ಸಾರು ಬಗ್ಗಿಸುವುದು ಎಲ್ಲ ಈ ಹೊರಳಾಟದಿಂದ.

ಅಡಿಕೆ ಸುಲಿಯುವ ಕಾಲದಲ್ಲಿ ಮೊಣಕೈಯ ಹೊರಪಕ್ಕದ ನೋವು ನಮ್ಮಲ್ಲಿ ಬಹಳ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಒಂದೇ ಥರ ಮಣಿಕಟ್ಟು ತಿರುಚಿದರೆ ಬರದೆ ಏನು ಮಾಡುತ್ತದೆ? ಇದು ಮೊಣಕೈ ಕೀಲಿನ ರೋಗ ಅಲ್ಲ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಹುಟ್ಟುವುದು ಮೊಣಕೈಯ ಹೊರಗಿನ ಉಬ್ಬಿನಲ್ಲಿ, ಅಲ್ಲಿ ಜಗ್ಗಿ ಜಗ್ಗಿ ನೋವು ಬರುತ್ತದೆ. ಪರೀಕ್ಷೆ ಮಾಡುವುದು ಹೀಗೆ: ಕೈ ನೇರ ಮಾಡಿ, ಅಂಗೈ ಕೆಳಮುಖ ಮಾಡಿ, ಮುಷ್ಟಿ ಹಿಡಿದು ಮಣಿಕಟ್ಟಿನಿಂದ ಮೇಲಕ್ಕೆ ಎತ್ತಿ, ಮನೆಯವರು ಮುಷ್ಟಿಯನ್ನು ಕೆಳಗೆ ಒತ್ತಲಿ. ಹೊರಗಿನ ಉಬ್ಬಿನಲ್ಲೇ ಚುಚ್ಚಿದರೆ ಇದೇ ಇರಬೇಕು. ಕೆಲಸ ಪೂರ್ತಿ ಬಿಡಬೇಕಿಲ್ಲ. ಆದರೆ ಕೊಡಪಾನ, ಬಕೆಟ್, ಅಡಿಕೆ ಚೀಲ ಏನೇ ಎತ್ತುವಾಗ ಅಂಗೈ ಮೇಲ್ಮುಖ ಇರುವ ಹಾಗೆ ಮೈಗೆ ಹತ್ತಿರ ಹಿಡಿದು ಎತ್ತಿ. ನಡುನಡುವೆ ಕೆಲಸ ಬದಲಿಸಿ, ಸುಲಿದದ್ದು ಸಾಕಾದರೆ ಸ್ವಲ್ಪ ಹೊತ್ತು ಆರಿಸುವುದಕ್ಕೆ ಕೂರಿ.

ಬೆರಳು, ಮಣಿಕಟ್ಟು

ಕೈ ಬಿಡಿಸಿ ಬೆರಳುಗಳನ್ನು ಅಗಲಿಸಿ. ಆಯಿತಲ್ಲ? ಈಗ ಬೆರಳುಗಳನ್ನು ಬುಡದಲ್ಲಿ ತೊಂಬತ್ತು ಡಿಗ್ರಿ ಮಡಚಿ, ಅದೇ ಸ್ಥಿತಿಯಲ್ಲಿ ಅಗಲಿಸಲು ನೋಡಿ. ಆಗುವುದಿಲ್ಲ. ಬೆರಳ ಬುಡದ ಕೀಲಿನ ಎರಡೂ ಪಕ್ಕದ ಲಿಗಮೆಂಟುಗಳು (ಎಲುಬಿಗೆ ಎಲುಬನ್ನು ಕಟ್ಟುವ ಪಟ್ಟಿಗಳು) ಮಡಚಿದಾಗ ಬಿಗಿಯಾಗುತ್ತವೆ, ಬಿಚ್ಚಿದಾಗ ಸಡಿಲವಾಗುತ್ತವೆ. ಹಿಡಿತ ಬೇಕಾದಾಗ ಅಲುಗಾಟ ಇಲ್ಲದ ಹಾಗೆ ತಾನಾಗಿಯೇ ಆಗುವ ವ್ಯವಸ್ಥೆ. ಮುಷ್ಟಿ ಹಿಡಿದಾಗ ಎದ್ದು ಕಾಣುವ ಗೆಣ್ಣೇ ಕೀಲು ಅಂದುಕೊಳ್ಳಬೇಡಿ. ಗೆಣ್ಣು ಅಂಗೈಯೊಳಗಿನ ಎಲುಬಿನ ತಲೆ. ಕೀಲಿನ ಸಂದು ಅದಕ್ಕಿಂತ ಸ್ವಲ್ಪ ಮುಂದೆ, ಬೆರಳಿನ ಕಡೆಗೆ ಇದೆ. ಬೆರಳನ್ನು ಹಿಡಿದು ಮೆಲ್ಲಗೆ ಎಳೆದರೆ ಅಲ್ಲಿ ಸಣ್ಣ ತಗ್ಗು ಕಾಣುತ್ತದೆ.

ಹೆಬ್ಬೆರಳಿನ ಕಥೆ ಬೇರೆ. ಅದರ ಮುಖ್ಯ ಕೀಲು ಇರುವುದು ತೀರ ಕೆಳಗೆ, ಮಣಿಕಟ್ಟಿನ ಹತ್ತಿರ. ಇನ್ನೊಂದು ಕೈಯ ಬೆರಳನ್ನು ಅಲ್ಲಿಟ್ಟು, ಹೆಬ್ಬೆರಳಿನಿಂದ ಒಂದೊಂದಾಗಿ ನಾಲ್ಕೂ ಬೆರಳಿನ ತುದಿ ಮುಟ್ಟಿ. ಒಳಗೆ ಹೊರಳುವುದು ಕೈಗೆ ಸಿಗುತ್ತದೆ. ವಯಸ್ಸಾದ ಹೆಂಗಸರಿಗೆ ಡಬ್ಬಿ ಮುಚ್ಚಳ ತೆಗೆಯುವಾಗ, ಬಟ್ಟೆ ಹಿಂಡುವಾಗ ನೋಯುವುದು ಎಷ್ಟೋ ಸಲ ಈ ಕೀಲು. ಅವರು ತೋರಿಸುವುದು ಮಾತ್ರ ಮಣಿಕಟ್ಟನ್ನು.

ಇನ್ನೊಂದು ಆಟ. ಮುಷ್ಟಿ ಬಿಗಿ ಹಿಡಿಯಿರಿ, ಹಾಗೇ ಮಣಿಕಟ್ಟನ್ನು ಒಳಗೆ ಪೂರ್ತಿ ಬಗ್ಗಿಸಿ. ಹಿಡಿತ ಸಡಿಲವಾಗಿ ಬೆರಳು ಬಿಚ್ಚಿಕೊಳ್ಳಲು ನೋಡುತ್ತವೆ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳ ಸ್ನಾಯುಬಂಧಗಳು (ಟೆಂಡನ್, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಮಣಿಕಟ್ಟನ್ನು ದಾಟಿ ಬರುತ್ತವೆ. ಮಣಿಕಟ್ಟು ಒಳಗೆ ಬಗ್ಗಿದರೆ ಅವುಗಳಿಗೆ ಎಳೆಯುವ ಉದ್ದ ಉಳಿಯುವುದಿಲ್ಲ. ಕತ್ತಿ ಹಿಡಿದು ಸೊಪ್ಪು ಕಡಿಯುವವರು, ಬಲೆಯ ಹಗ್ಗ ಎಳೆಯುವವರು ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಇಟ್ಟು ಹಿಡಿದರೆ ಕಡಿಮೆ ಶಕ್ತಿಯಲ್ಲಿ ಗಟ್ಟಿ ಹಿಡಿತ ಸಿಗುತ್ತದೆ.

ಬೆರಳು ನೆಟಿಗೆ ತೆಗೆದರೆ ಸಂಧಿವಾತ ಬರುತ್ತದೆ ಅಂತ ಅಜ್ಜಿಯಂದಿರು ಬೈಯುತ್ತಾರೆ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯ ಅರವತ್ತಕ್ಕೂ ಹೆಚ್ಚು ವರ್ಷ ಒಂದೇ ಕೈಯ ನೆಟಿಗೆ ತೆಗೆದು ಇನ್ನೊಂದನ್ನು ಹಾಗೇ ಬಿಟ್ಟು ನೋಡಿದರು. ಎರಡು ಕೈಗೂ ವ್ಯತ್ಯಾಸ ಕಾಣಲಿಲ್ಲ. 2009ರಲ್ಲಿ ಇದಕ್ಕೆ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ಒಬ್ಬರ ಕೈ ನೋಡಿ ಎಲ್ಲರ ಬಗ್ಗೆ ಹೇಳುವ ಹಾಗಿಲ್ಲ, ಆದರೂ ಭಯಪಡುವಂಥದ್ದೇನೂ ಅಲ್ಲ. ಆ ಟಕ್ ಸದ್ದು ದ್ರವದೊಳಗಿನ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು. ಒಮ್ಮೆ ತೆಗೆದ ಮೇಲೆ ಸುಮಾರು ಇಪ್ಪತ್ತು ನಿಮಿಷ ಅದೇ ಗೆಣ್ಣು ಮತ್ತೆ ಸದ್ದು ಮಾಡುವುದಿಲ್ಲ.

ಭುಜ: ಎರಡು ಕಡೆ ಚಲನೆ

ಮನೆಯವರನ್ನು ನಿಮಗೆ ಬೆನ್ನು ಮಾಡಿ ನಿಲ್ಲಿಸಿ. ಅವರ ಬೆನ್ನಿನ ಹಲಗೆ ಎಲುಬಿನ (ಭುಜದ ಹಿಂದಿರುವ ತ್ರಿಕೋನದ ಎಲುಬು) ಕೆಳತುದಿಗೆ ನಿಮ್ಮ ಹೆಬ್ಬೆರಳು ಇಡಿ. ಅವರು ಕೈಯನ್ನು ಪಕ್ಕದಿಂದ ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಲಿ. ಶುರುವಿನಲ್ಲಿ ಹಲಗೆ ಎಲುಬು ಹೆಚ್ಚು ಜರುಗುವುದಿಲ್ಲ. ಆಮೇಲೆ ಹೊರಗೆ ತಿರುಗುತ್ತಾ ಕಂಕುಳ ಕಡೆಗೆ ಬರುತ್ತದೆ. ಪೂರ್ತಿ 180 ಡಿಗ್ರಿ ಎತ್ತಿದರೆ ಅದರಲ್ಲಿ ಸುಮಾರು 120 ಮಾತ್ರ ಭುಜದ ಕೀಲಿನದು, ಉಳಿದ 60 ಹಲಗೆ ಎಲುಬಿನದು. ಈ 60 ಸಿಗದವರು ಬೆನ್ನನ್ನು ಹಿಂದೆ ಬಾಗಿಸಿ ಕೈ ಎತ್ತಿದಂತೆ ತೋರಿಸುತ್ತಾರೆ, ಅಥವಾ ಭುಜವನ್ನು ಕಿವಿಯ ತನಕ ಎಳೆದುಕೊಳ್ಳುತ್ತಾರೆ.

ಈಗ ನಿಮ್ಮದೇ ಕೈ. ಹೆಬ್ಬೆರಳು ನೆಲದ ಕಡೆ ತಿರುಗಿಸಿ ಕೈಯನ್ನು ಪಕ್ಕದಿಂದ ಎತ್ತಿ. ಹೆಗಲಿನ ಮಟ್ಟಕ್ಕೆ ಬರುವಷ್ಟರಲ್ಲಿ ಬಿಗಿ. ಅಲ್ಲಿಂದಲೇ ಹೆಬ್ಬೆರಳನ್ನು ಆಕಾಶದ ಕಡೆ ತಿರುಗಿಸಿ, ಕೈ ಸಲೀಸಾಗಿ ಮೇಲೆ ಹೋಗುತ್ತದೆ. ಮೇಲ್ತೋಳಿನ ಎಲುಬಿನ ತಲೆಯಲ್ಲಿ ಒಂದು ದಪ್ಪ ಉಬ್ಬಿದೆ. ತೋಳು ಹೊರಗೆ ತಿರುಗದೆ ಮೇಲೆ ಹೋದರೆ ಆ ಉಬ್ಬು ಹೆಗಲಿನ ಎಲುಬಿಗೆ ತಾಗುತ್ತದೆ, ನಡುವೆ ಇರುವ ಸ್ನಾಯುಬಂಧ ಸಿಕ್ಕಿಕೊಳ್ಳುತ್ತದೆ. ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಹಿಡಿದು ತಲೆ ಎತ್ತಿ ದಿನಗಟ್ಟಲೆ ಕೊನೆ ಕೊಯ್ಯುವವರಿಗೆ ಭುಜದ ಮುಂಭಾಗ ನೋಯುವುದು ಹೀಗೆ. ಕಾರ್ಬನ್ ಫೈಬರ್ ದೋಟಿ ಬಂದಮೇಲೆ ಮರ ಹತ್ತುವ ಅಪಾಯ ಕಡಿಮೆಯಾಗಿದೆ, ಅದು ಒಳ್ಳೆಯದೇ, ಆದರೆ ಕೆಲಸದ ಭಾರ ಕಾಲಿನಿಂದ ಕುತ್ತಿಗೆ-ಭುಜಕ್ಕೆ ದಾಟಿದೆ. ಮರದ ಬುಡಕ್ಕೆ ತೀರ ಹತ್ತಿರ ನಿಂತು ನೇರ ಮೇಲೆ ನೋಡುವ ಬದಲು ಎರಡು ಹೆಜ್ಜೆ ಹಿಂದೆ ನಿಂತರೆ ಕುತ್ತಿಗೆ ಕಡಿಮೆ ಬಾಗುತ್ತದೆ, ಕೈಯೂ ಮೈಯ ಮುಂದೆ ಇರುತ್ತದೆ.

ಭುಜದ ಗುಳಿ ಬಹಳ ಆಳ ಇಲ್ಲ. ಎಲುಬಿನ ತಲೆ ದೊಡ್ಡದು, ಗುಳಿ ಸಣ್ಣದು. ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯಕ್ಕೆ ಕೊಟ್ಟ ಬೆಲೆ ಇದು. ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾಗ ತಪ್ಪುವುದು ಭುಜವೇ, ಅದೂ ಬಹುಪಾಲು ಮುಂದಕ್ಕೆ. ಅದನ್ನು ಗುಳಿಯಲ್ಲಿ ಹಿಡಿದಿಡುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು. ಅವುಗಳಿಗೆ ಕೆಲಸ ಕೊಡಬೇಕಾದರೆ ಮೊಣಕೈ ಪಕ್ಕೆಗೆ ಅಂಟಿಸಿ, ತೊಂಬತ್ತು ಡಿಗ್ರಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಗೆ ತಿರುಗಿಸಿ. ಹಳೇ ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗೆ ಕಟ್ಟಿ ಎಳೆದರೆ ಇನ್ನೂ ಒಳ್ಳೆಯದು.

ಇದೇ ಚಲನೆ ಒಂದು ಪರೀಕ್ಷೆ ಕೂಡ. ಒಂದು ಕೈ ಹೊರಗೆ ಚೆನ್ನಾಗಿ ತಿರುಗಿ, ಇನ್ನೊಂದು ತಿರುಗದೆ, ಬೇರೆಯವರು ತಿರುಗಿಸಲು ಹೋದರೂ ಗೋಡೆಗೆ ತಾಗಿದಂತೆ ನಿಂತರೆ ಅದು ಭುಜ ಹೆಪ್ಪುಗಟ್ಟುವ ಲಕ್ಷಣ, ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ತಿಂಗಳುಗಟ್ಟಲೆ ಕಾಡುತ್ತದೆ, ಬೇಗ ತೋರಿಸಿಕೊಂಡಷ್ಟೂ ನೋವು ಕಡಿಮೆ ಮಾಡುವುದು ಸುಲಭ. ಜೋರಾಗಿ ಎಳೆಸಿಕೊಳ್ಳಲು ಮಾತ್ರ ಹೋಗಬೇಡಿ.

ತೊಡೆಯ ಕೀಲು

ನಿಂತುಕೊಂಡು ಪಂಚೆ ಕಟ್ಟುವ ಎಲುಬಿನಿಂದ ಒಂದು ಗೇಣಿನಷ್ಟು ಕೆಳಗೆ, ತೊಡೆಯ ಹೊರಪಕ್ಕದಲ್ಲಿ ಅಂಗೈ ಒತ್ತಿ ಇಡಿ. ಅದೇ ಕಾಲಿನ ಹಿಮ್ಮಡಿ ನೆಲದ ಮೇಲಿಟ್ಟು ಪಾದವನ್ನು ಒಳಗೆ ಹೊರಗೆ ತಿರುಗಿಸಿ. ಅಂಗೈ ಅಡಿಯಲ್ಲಿ ಒಂದು ಗಟ್ಟಿ ಉಬ್ಬು ಹೊರಳುತ್ತದೆ. ಅದು ತೊಡೆ ಎಲುಬಿನದು. ಕೀಲು ಅಲ್ಲಿಂದ ಒಳಗೆ, ಆಳದಲ್ಲಿದೆ. ಒರಳಿನಲ್ಲಿ ಗುಂಡು ಕೂತ ಹಾಗೆ ತೊಡೆ ಎಲುಬಿನ ತಲೆ ಗುಳಿಯೊಳಗೆ ಆಳಕ್ಕೆ ಕೂತಿದೆ, ಅದಕ್ಕೇ ಅದು ಭುಜದ ಹಾಗೆ ಸುಲಭಕ್ಕೆ ಜಾರುವುದಿಲ್ಲ. ಈ ಕೀಲು ಹಾಳಾದರೆ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿ, ಕೆಲವರಿಗೆ ಮಂಡಿಯಲ್ಲೂ ಬರುತ್ತದೆ. ಮಂಡಿ ನೋವು ಅಂತ ಬಂದು, ಮಂಡಿಯಲ್ಲಿ ಏನೂ ಸಿಗದೆ, ಕೊನೆಗೆ ತೊಡೆಯ ಕೀಲಿನ ಎಕ್ಸ್‌ರೇಯಲ್ಲಿ ಗೊತ್ತಾಗುವುದುಂಟು.

ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಾಗ ತಿರುಗಬೇಕಾದ್ದು ಈ ಕೀಲು. ಮಂಡಿ ಸುಮ್ನೆ ಮಡಚಬೇಕು, ಅಷ್ಟೇ. ಇಡೀ ದಿನ ಕುರ್ಚಿಯಲ್ಲಿ ಕೂರುವವರ ತೊಡೆಯ ಕೀಲು ಹೊರಗೆ ತಿರುಗುವುದನ್ನು ಮರೆತಿರುತ್ತದೆ. ಮದುವೆ ಮನೆಯಲ್ಲಿ ಹಟಕ್ಕೆ ಬಿದ್ದು ಕೂತರೆ ತಿರುಚು ಮಂಡಿಗೆ ಹೋಗುತ್ತದೆ, ಎದ್ದಮೇಲೆ "ಮಂಡಿ ಹೋಯಿತು" ಅನ್ನುತ್ತಾರೆ. ಕೂತಾಗ ಮಂಡಿಗಳು ನೆಲಕ್ಕಿಂತ ಬಹಳ ಮೇಲೆ ನಿಂತರೆ ಕುಂಡೆಯ ಕೆಳಗೆ ಒಂದು ಮಣೆ ಅಥವಾ ಮಡಚಿದ ಕಂಬಳಿ ಇಡಿ. ಮಂಡಿಯನ್ನು ಕೈಯಿಂದ ಕೆಳಗೆ ಒತ್ತಬೇಡಿ. ಕುರ್ಚಿಯ ಮೇಲೆ ಕೂತು ಒಂದು ಪಾದದ ಗಂಟನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆನ್ನು ನೇರ ಇಟ್ಟು ಸೊಂಟದಿಂದ ಸ್ವಲ್ಪ ಮುಂದೆ ಬಗ್ಗಿ, ಅರ್ಧ ನಿಮಿಷ ಇರಿ. ಎಳೆತ ಕುಂಡೆಯಲ್ಲಿ ಗೊತ್ತಾಗಬೇಕು. ಮಂಡಿಯಲ್ಲಿ ಗೊತ್ತಾದರೆ ಕಾಲನ್ನು ಸ್ವಲ್ಪ ಕೆಳಗೆ ಇಳಿಸಿ.

ಮಂಡಿ

ಮೈಯ ಅತಿ ದೊಡ್ಡ ಕೀಲು, ಅತಿ ಹೆಚ್ಚು ಬೈಗುಳ ತಿನ್ನುವ ಕೀಲು. ಕುರ್ಚಿಯಲ್ಲಿ ಕೂತು ಪಾದ ನೆಲದ ಮೇಲಿಡಿ. ಚಿಪ್ಪಿನ ಕೆಳತುದಿ ಹುಡುಕಿ. ಅದರ ಎರಡೂ ಪಕ್ಕ ಮೆತ್ತಗಿನ ತಗ್ಗು ಇದೆ, ಅಲ್ಲಿ ಹೆಬ್ಬೆರಳುಗಳನ್ನು ಒತ್ತಿ ಹಿಡಿದು ಕಾಲನ್ನು ಸ್ವಲ್ಪ ಮುಂದೆ ಹಿಂದೆ ಆಡಿಸಿ. ಮೇಲೆ ತೊಡೆ ಎಲುಬಿನ ಗುಂಡು ಅಂಚು, ಕೆಳಗೆ ಕಾಲೆಲುಬಿನ ಚಪ್ಪಟೆ ಅಂಚು ಸಿಗುತ್ತದೆ. ನಡುವಿನ ಗೆರೆಯೇ ಕೀಲು. ಹಾಗೇ ಆ ಗೆರೆ ಹಿಡಿದು ಪಕ್ಕಕ್ಕೆ ಹೋಗಿ. ಒಳಗೆ ಎರಡು ಮಿನಿಸ್ಕಸ್ ಅನ್ನುವ ಅರ್ಧಚಂದ್ರದ ಮೆತ್ತೆಗಳಿವೆ. ತಿರುಚಿ ಬಿದ್ದಮೇಲೆ ಈ ಗೆರೆಯ ಮೇಲೆ ಒಂದೇ ಕಡೆ ಒತ್ತಿದರೆ ನೋವು, ಮಂಡಿ ಅರ್ಧಕ್ಕೇ ಸಿಕ್ಕಿಕೊಂಡು ನೇರವಾಗದಿರುವುದು, ಇವು ಮಿನಿಸ್ಕಸ್ ಹರಿದಿರಬಹುದು ಅನ್ನುವುದರ ಸೂಚನೆ. ಹೊರಪಕ್ಕದಲ್ಲಿ ಇನ್ನೂ ಕೆಳಗೆ ಸಿಗುವ ಗುಂಡಗಿನ ಎಲುಬು ಮಂಡಿ ಕೀಲಿನಲ್ಲಿ ಸೇರಿಲ್ಲ, ಅದು ಕಾಲಿನ ಸಣ್ಣ ಎಲುಬಿನ ತಲೆ.

ಕೂತ ಹಾಗೇ, ಮಂಡಿ ಅಲುಗಿಸದೆ ಪಾದದ ಮುಂಭಾಗವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಮಂಡಿಯ ಕೆಳಗೆ ಕೈ ಇಟ್ಟರೆ ಕಾಲೆಲುಬು ತಿರುಗುವುದು ಗೊತ್ತಾಗುತ್ತದೆ. ಈಗ ಕಾಲು ಪೂರ್ತಿ ನೇರ ಚಾಚಿ ಅದನ್ನೇ ಮಾಡಿ. ಈಗ ತಿರುಗುವುದು ತೊಡೆಯ ಕೀಲಿನಿಂದ ಇಡೀ ಕಾಲು. ಮಂಡಿ ನೇರವಾಗುವ ಕೊನೆಯ ಹಂತದಲ್ಲಿ ಎಲುಬು ಸ್ವಲ್ಪ ತಿರುಗಿ ಬೀಗ ಬೀಳುತ್ತದೆ. ಅದಕ್ಕೇ ನೇರ ಕಾಲಲ್ಲಿ ಬಹಳ ಹೊತ್ತು ಕಡಿಮೆ ಆಯಾಸದಲ್ಲಿ ನಿಲ್ಲಬಹುದು. ಮಡಚಲು ಶುರುಮಾಡುವಾಗ ಮಂಡಿಯ ಹಿಂದಿನ ಒಂದು ಸಣ್ಣ ಸ್ನಾಯು ಆ ಬೀಗ ತೆಗೆಯುತ್ತದೆ. ಅಂದರೆ ಮಡಚಿದ ಮಂಡಿಗೆ ಮಾತ್ರ ಸ್ವಲ್ಪ ತಿರುಗುವ ಅವಕಾಶ, ಆದರೆ ಪಾದ ನೆಲಕ್ಕೆ ಊರಿಕೊಂಡಿರುವಾಗ ಮೈ ಇಡೀ ತಿರುಗಿದರೆ ಆ ಸ್ವಲ್ಪ ಸಾಕಾಗುವುದಿಲ್ಲ. ಕಬಡ್ಡಿ, ವಾಲಿಬಾಲ್ ಆಡುವ ಹುಡುಗರ ಲಿಗಮೆಂಟ್ ಹರಿಯುವುದು ಇಂಥ ಹೊತ್ತಿನಲ್ಲೇ.

ಯಕ್ಷಗಾನದ ಬಡಗುತಿಟ್ಟು ಶೈಲಿಯ ಮಂಡಿ ಕುಣಿತ ನೋಡಿದವರಿಗೆ ಎದೆ ಝಲ್ ಅನ್ನುತ್ತದೆ. ಮಂಡಿಯೂರಿ ಗಿರಗಿರ ತಿರುಗುವುದು! ಅಲ್ಲಿ ಪೂರ್ತಿ ಮಡಚಿದ ಮಂಡಿಯ ಮೇಲೆ ಮೈಭಾರ ಬೀಳುತ್ತದೆ. ಕಲಿಯುವ ಹುಡುಗರಿಗೆ ನಾನು ಹೇಳುವುದು ಎರಡು. ತಿರುಗುವಾಗ ಮೈ ಮತ್ತು ತೊಡೆ ಒಟ್ಟಿಗೆ ಹೊರಳಬೇಕು, ಮಂಡಿ ಹಿಂದೆ ಉಳಿಯಬಾರದು. ಅಭ್ಯಾಸಕ್ಕೆ ಸಿಮೆಂಟು ನೆಲ ಬೇಡ, ಚಾಪೆ ಅಥವಾ ಮಂಡಿಗೆ ಪಟ್ಟಿ ಇರಲಿ. ಮಂಡಿಚಿಪ್ಪಿನ ಮುಂದೆ ಚರ್ಮದ ಅಡಿಯಲ್ಲಿ ದ್ರವದ ಸಣ್ಣ ಚೀಲ ಒಂದಿದೆ, ಊರಿ ಊರಿ ಅದೇ ಊದಿಕೊಳ್ಳುತ್ತದೆ. ಅದು ಕೀಲಿನ ಊತ ಅಲ್ಲ, ಚಿಪ್ಪಿನ ಮೇಲೆಯೇ ಮೊಟ್ಟೆಯಂತೆ ನಿಲ್ಲುತ್ತದೆ. ಬಿಸಿಯಾಗಿ ಕೆಂಪಾದರೆ ಮಾತ್ರ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ಕುಕ್ಕರುಗಾಲಲ್ಲಿ ಕೂರುವುದು ಹೇಗೆ ಅಂತ ಯಾರೂ ಕಲಿಸಬೇಕಿಲ್ಲ, ಆದರೆ ನಲವತ್ತು ದಾಟಿದ ಮೇಲೆ ಮತ್ತೊಮ್ಮೆ ಕಲಿಯಬೇಕಾಗುತ್ತದೆ. ಪಾದ ಸೊಂಟದ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಗಲಿಸಿ, ಬೆರಳು ಸ್ವಲ್ಪ ಹೊರಗೆ. ಮೊದಲು ಕುಂಡೆ ಹಿಂದೆ ಹೋಗಲಿ, ಆಮೇಲೆ ಮಂಡಿ ಮಡಚಲಿ, ಮಂಡಿ ಪಾದದ ಎರಡನೇ ಬೆರಳಿನ ದಿಕ್ಕಿಗೇ ಹೋಗಲಿ, ಒಳಗೆ ಬೀಳಬಾರದು. ಹಿಮ್ಮಡಿ ಮೇಲೇಳುತ್ತಿದ್ದರೆ ತೊಂದರೆ ಇರುವುದು ಹೆಚ್ಚಾಗಿ ಪಾದದ ಗಂಟಿನ ಬಿಗಿತದಲ್ಲಿ, ಮಂಡಿಯಲ್ಲಲ್ಲ. ಹಿಮ್ಮಡಿ ಕೆಳಗೆ ತೆಳುವಾದ ಹಲಗೆ ಇಟ್ಟು ಕೂತು ನೋಡಿ, ಸಲೀಸಾದರೆ ಗೊತ್ತಾಯಿತಲ್ಲ. ಅಘನಾಶಿನಿ ಹಿನ್ನೀರಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು, ಗದ್ದೆಯಲ್ಲಿ ಸಸಿ ನಾಟಿ ಮಾಡುವವರು ಬಗ್ಗುವುದೇ ಹೆಚ್ಚು. ಅವರಿಗೆ ನಡುನಡುವೆ ಕುಕ್ಕರುಗಾಲಿನಲ್ಲಿ ಕೂತರೆ ಬೆನ್ನಿಗೆ ಆರಾಮ, ಕುಕ್ಕರುಗಾಲಿನಲ್ಲೇ ಕೂರುವವರಿಗೆ ನಡುನಡುವೆ ಎದ್ದು ನಿಂತರೆ ಮಂಡಿಗೆ ಆರಾಮ. ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದ ತನಕ ಹೋಗಿ ಬನ್ನಿ, ಒಂದು ಕವಳ ಹಾಕುವಷ್ಟು ಹೊತ್ತು ಸಾಕು.

ಮಂಡಿ ಕರಕರ ಅನ್ನುತ್ತದೆ, ಆದರೆ ನೋವಿಲ್ಲ, ಊತ ಇಲ್ಲ ಅಂದರೆ ಆ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ನೋವಾದರೆ ತೊಡೆಯ ಮುಂದಿನ ಸ್ನಾಯು ಬಲವಾಗಬೇಕು. ಚಾಪೆಯ ಮೇಲೆ ಕಾಲು ಚಾಚಿ, ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಮಂಡಿಯಿಂದ ಒತ್ತಿ ಹಿಡಿದು ಹತ್ತು ಎಣಿಸಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಇದು ಸುಲಭವಾದ ಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನ ಕೂರುವುದು. ತೂಕ ಜಾಸ್ತಿ ಇರುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಮೈ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಪಾದದ ಗಂಟು

ಎರಡೂ ಪಕ್ಕದ ಉಬ್ಬುಗಳನ್ನು ಹಿಡಿಯಿರಿ. ಹೊರಗಿನದು ಒಳಗಿನದಕ್ಕಿಂತ ಕೆಳಗಿದೆ, ಗಮನಿಸಿದ್ದೀರಾ? ಪಾದ ಮೇಲೆ ಕೆಳಗೆ ಆಡುವುದು ಈ ಉಬ್ಬುಗಳ ನಡುವೆ. ಒಳಗೆ ಹೊರಗೆ ಹೊರಳುವುದು ಅದಕ್ಕೂ ಕೆಳಗಿನ ಕೀಲಿನಲ್ಲಿ. ಹಿಮ್ಮಡಿಯನ್ನು ಕೈಯಿಂದ ಹಿಡಿದು ಓರೆ ಮಾಡಿದರೆ ಅದು ಸಿಗುತ್ತದೆ. ಎರಡು ಉಬ್ಬುಗಳ ನಡುವೆ ಕೂತ ಎಲುಬು ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲೆ ಮಡಚಿದಾಗ ಅಗಲದ ಭಾಗ ಉಬ್ಬುಗಳ ನಡುವೆ ಬಿಗಿಯಾಗಿ ಕೂರುತ್ತದೆ. ಬೆರಳು ಕೆಳಗೆ ಚಾಚಿದಾಗ ಕಿರಿದಾದ ಭಾಗ ಬರುತ್ತದೆ, ಕೀಲು ಸಡಿಲ. ಮಳೆಗಾಲದಲ್ಲಿ ಪಾಚಿ ಹಿಡಿದ ಚಿರೆಕಲ್ಲಿನ ಮೆಟ್ಟಿಲು ಇಳಿಯುವಾಗ, ತೋಟದ ಸಂಕ (ಕಾಲುಸೇತುವೆ) ದಾಟುವಾಗ ಕಾಲು ಉಳುಕುವುದು ಈ ಸಡಿಲ ಸ್ಥಿತಿಯಲ್ಲಿ, ಹೆಚ್ಚಿನವರಿಗೆ ಪಾದ ಒಳಗೆ ಹೊರಳಿ ಪೆಟ್ಟು ಬೀಳುವುದು ಹೊರಪಕ್ಕಕ್ಕೆ. ಕಡಿದಾದ ಕಡೆ ಸಣ್ಣ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಮಡಚಿ, ಇಡೀ ಪಾದ ಊರಿ ಇಳಿಯಿರಿ.

ಉಳುಕಿದ ದಿನವೇ ಎಣ್ಣೆ ಹಾಕಿ ಗಟ್ಟಿಯಾಗಿ ನೀವುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಹೊಸ ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಪಟ್ಟಿ, ಕಾಲು ಎತ್ತರಕ್ಕೆ ಇಡುವುದು, ಇಷ್ಟು ಸಾಕು. ಎಕ್ಸ್‌ರೇ ಬೇಕೋ ಬೇಡವೋ ನೋಡುವುದಕ್ಕೆ ವೈದ್ಯರು ಒಂದು ಸರಳ ನಿಯಮ ಬಳಸುತ್ತಾರೆ: ಯಾವುದಾದರೂ ಉಬ್ಬಿನ ಹಿಂದಿನ ಅಂಚಿನಲ್ಲಿ ಅಥವಾ ತುದಿಯಲ್ಲಿ ಎಲುಬನ್ನೇ ಒತ್ತಿದಾಗ ನೋವು, ಇಲ್ಲವೇ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿರುವುದು. ಇದರಲ್ಲಿ ಒಂದಿದ್ದರೂ ಎಕ್ಸ್‌ರೇ ತೆಗೆಸಿ.

ಊತ ಇಳಿದಮೇಲೆ ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲಿ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕಲು ಒಂದು ಮುಖ್ಯ ಕಾರಣ ಹೀಗೆ ನಿಲ್ಲುವ ಸಮತೋಲನ ಕಳೆದುಕೊಂಡಿರುವುದು. ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನಡೆಯುವವರು ಒಂದು ಗಮನಿಸಿ. ಅಲೆ ತಾಗುವ ಗಟ್ಟಿ ಮರಳು ಸಮುದ್ರದ ಕಡೆ ಇಳಿಜಾರಾಗಿರುತ್ತದೆ, ಒಂದು ಪಾದ ಯಾವಾಗಲೂ ಕೆಳಗೆ. ಹೋದ ದಾರಿಯಲ್ಲೇ ವಾಪಸ್ ಬಂದರೆ ಎರಡೂ ಕಾಲಿಗೆ ಸಮವಾಗುತ್ತದೆ. ಹೋಗುವಾಗ ಮರಳಲ್ಲಿ ನಡೆದು ಬರುವಾಗ ರಸ್ತೆ ಹಿಡಿದರೆ ಹಾಗಾಗುವುದಿಲ್ಲ.

ಕುತ್ತಿಗೆ ಮತ್ತು ದವಡೆ, ಬೇಗ ಮುಗಿಸೋಣ

ಹೂಂ ಅಂತ ತಲೆ ಆಡಿಸುವ ಸಣ್ಣ ಚಲನೆ ಬುರುಡೆ ಮತ್ತು ಮೊದಲ ಮಣಿಯ ನಡುವೆ. ಊಹೂಂ ಅಂತ ತಿರುಗಿಸುವುದರಲ್ಲಿ ಹೆಚ್ಚುಕಡಿಮೆ ಅರ್ಧ ಮೊದಲ ಮತ್ತು ಎರಡನೇ ಮಣಿಯ ನಡುವೆ, ಉಳಿದದ್ದು ಕೆಳಗಿನ ಮಣಿಗಳಲ್ಲಿ ಹಂಚಿಹೋಗಿದೆ. ದೇವಿಮನೆ ಘಟ್ಟದಲ್ಲಿ ಬೈಕ್ ಓಡಿಸಿ ಕುತ್ತಿಗೆ ಹಿಡಿದರೆ ಕುತ್ತಿಗೆಯನ್ನು ಗುಂಡಗೆ ತಿರುಗಿಸಬೇಡಿ. ಗಲ್ಲವನ್ನು ಒಳಗೆ ಎಳೆದುಕೊಂಡು ಐದು ಎಣಿಸಿ ಬಿಡಿ, ಆಮೇಲೆ ನಿಧಾನ ಎಡ-ಬಲ.

ದವಡೆ ಕೀಲು ಕಿವಿಯ ಮುಂದೆ. ಬೆರಳಿಟ್ಟು ಬಾಯಿ ತೆರೆದರೆ ಮೊದಲು ತಿರುಗಿ ಆಮೇಲೆ ಮುಂದೆ ಜಾರುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವ ಹಾಗೆ ಹಿಡಿದರೆ ಬಾಯೊಳಗೆ ಹಿಡಿಸಬೇಕು. ಅಡಿಕೆ, ಗುಟ್ಕಾ ಹಾಕುವವರಿಗೆ ಹಿಡಿಸದಿದ್ದರೆ ಕೀಲನ್ನು ಬೈಯಬೇಡಿ. ಅಡಿಕೆಯಿಂದ ಕೆನ್ನೆಯ ಒಳಪೊರೆ ಗಟ್ಟಿಯಾಗುವ ಕಾಯಿಲೆ ಇದೆ, ಅದು ಕ್ಯಾನ್ಸರಿಗೂ ದಾರಿ. ಅಡಿಕೆ ಬೆಳೆಯುವ ಊರಲ್ಲಿ ಕೂತು ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ದಂತವೈದ್ಯರಿಗೆ ತೋರಿಸಿ.

ಮನೆಯಲ್ಲಿ ನೋಡುವುದನ್ನು ನಿಲ್ಲಿಸಬೇಕಾದ್ದು ಯಾವಾಗ

ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ಆಗಿದ್ದರೆ ಕೆಲವೇ ದಿನದಲ್ಲಿ ಮೃದ್ವಸ್ಥಿ ಹಾಳಾಗುತ್ತದೆ. ಬೆಳಿಗ್ಗೆ ಎದ್ದಾಗ ಬಿಗಿತ ಎಲ್ಲರಿಗೂ ಸ್ವಲ್ಪ ಇರುತ್ತದೆ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಎರಡೂ ಕೈಯ ಸಣ್ಣ ಕೀಲುಗಳು ಊದಿ, ಬಿಗಿತ ಒಂದು ಗಂಟೆ ದಾಟಿ ನಿಂತು, ಹೀಗೇ ವಾರಗಟ್ಟಲೆ ನಡೆದರೆ ರುಮಟಾಯ್ಡ್ ಸಂಧಿವಾತದ ಪರೀಕ್ಷೆ ಮಾಡಿಸಬೇಕು, ಬೇಗ ಮದ್ದು ಶುರುವಾದರೆ ಕೀಲು ಉಳಿಯುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಹೊದಿಕೆ ತಾಗಿದರೂ ಉರಿದರೆ ಅದು ಹೆಚ್ಚಾಗಿ ಗೌಟ್, ಯೂರಿಕ್ ಆಮ್ಲದಿಂದ ಬರುವ ಕೀಲಿನ ಕಾಯಿಲೆ. ಚಿಕೂನ್‌ಗುನ್ಯಾ ಬಂದುಹೋದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಕೀಲುನೋವು ಉಳಿಯುತ್ತದೆ, ಆ ಜ್ವರ ಬಂದಿದ್ದರೆ ಹೇಳಲು ಮರೆಯಬೇಡಿ.

ವೈದ್ಯರ ಮುಂದೆ ಕೂತಾಗ "ಕೈಕಾಲೆಲ್ಲ ನೋವು" ಅನ್ನಬೇಡಿ. ಒಂದೇ ಬೆರಳಿನಿಂದ ಜಾಗ ತೋರಿಸಿ. ಯಾವ ಚಲನೆಗೆ ನೋವು ಬರುತ್ತದೆ, ನೀವೇ ಅಲುಗಿಸಿದಾಗ ಮಾತ್ರವೋ ಬೇರೆಯವರು ಅಲುಗಿಸಿದಾಗಲೂ ಬರುತ್ತದೋ ಹೇಳಿ. ಎರಡಕ್ಕೂ ನೋವಾದರೆ ಕೀಲಿನ ಒಳಗೇ ತೊಂದರೆ ಇರುವ ಸಾಧ್ಯತೆ ಹೆಚ್ಚು, ನೀವು ಅಲುಗಿಸಿದಾಗ ಮಾತ್ರ ನೋವಾದರೆ ಸ್ನಾಯು ಅಥವಾ ಸ್ನಾಯುಬಂಧದ್ದು. ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತದೆ, ಊತ ಎಂದಿನಿಂದ ಇದೆ, ಹಳೆಯ ಎಕ್ಸ್‌ರೇ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸರದಿ ಬಂದಾಗ ಅರ್ಧ ಮಾತು ಮರೆತೇ ಹೋಗುತ್ತದೆ.